ಎಮ್ಮೆ ತಿಂದ ಕಡವೆ

ತಿಪ್ಪೇರುದ್ರ ನಾಲ್ಕು ದಿನ ಬೆನ್ನು ಬಗ್ಗಿಸಿ ಕಟ್ಟಿದ ಕಡವೆಯನ್ನು ಅವನ ಮನೆಯ ಎಮ್ಮೆಯೇ ತಿಂದುಹಾಕಿತ್ತು.

ಯುಗಾದಿಯ ಮರುದಿನ ಬೆಳಗ್ಗೆ ಬೇವಿನ ಕಡ್ಡಿ ಕಚ್ಚಿಕೊಂಡು ಕೊಟ್ಟಿಗೆಗೆ ಬಂದು ನೋಡುತ್ತಾನೆ, ಕಡವೆ ನಿಂತಿದ್ದ ಜಾಗದಲ್ಲಿ ಉಳಿದಿರುವುದು ಕಾಲಿಗೆಂದು ನೆಟ್ಟಿದ್ದ ಬಿದಿರಿನ ಗಳುಗಳು, ಒಂದಿಷ್ಟು ಸುತಲಿ ಮತ್ತು ಕಣ್ಣಿಗೆಂದು ಹೊಲಿದಿದ್ದ ಹಳೇ ಕೋಟಿನ ಗುಂಡಿಗಳು. ಎಮ್ಮೆ ಮಾತ್ರ ಬೀಗರ ಮನೆಯ ಊಟ ಮುಗಿಸಿದವರಂತೆ ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

"ನಾನು ಹೇಳಿದ್ದೆ," ಎಂದಳು ಹಿಂದೆ ಬಂದು ನಿಂತ ಹೆಂಡತಿ ನಾಗರತ್ನ. "ಎಲ್ರೂ ಸಜ್ಜೆ ದಂಟಲ್ಲಿ ಕಟ್ತಾರೆ. ನಿಮಗೆ ಮಾತ್ರ ಶೇಂಗಾ ಬಳ್ಳೀನೇ ಆಗ್ಬೇಕಿತ್ತು. ಶೇಂಗಾ ಬಳ್ಳಿ ಕಂಡ್ರೆ ಎಮ್ಮೆ ಬಿಡ್ತೈತಾ?"

ತಿಪ್ಪೇರುದ್ರ ಗಾಬರಿಯಿಂದ ಅವಳ ಬಾಯಿ ಮುಚ್ಚಲು ಕೈ ಎತ್ತಿದ. ಆಮೇಲೆ ಕಡವೆಯೇ ಇಲ್ಲವೆಂಬುದು ನೆನಪಾಗಿ ಕೈ ಇಳಿಸಿದ. ಇಲ್ಲದ ಕಡವೆಯನ್ನು ಬಳ್ಳಿ ಅಂದರೂ ಒಂದೇ, ಬಂಗಾರ ಅಂದರೂ ಒಂದೇ.

ಅವನ ಗಾಬರಿಗೆ ಕಾರಣವಿತ್ತು. ಮೊಳಕಾಲ್ಮುರು ದಾಟಿ ಬ್ರಹ್ಮಗಿರಿಯ ಕಡೆಗೆ ಹೋದರೆ ಸಿಗುವ ಕರೇಕಲ್ಲುಹಟ್ಟಿಯಲ್ಲಿ ಯುಗಾದಿಯ ಮರುದಿನ ಕಡವೆ ಬೇಟೆ ಆಗಲೇಬೇಕು. ಹಿಂದೆ ನಿಜವಾದ ಕಡವೆಯನ್ನೇ ಹೊಡೆಯುತ್ತಿದ್ದರಂತೆ. ಈಗ ಗುಡ್ಡದಲ್ಲಿ ಕರಡಿ ಬಿಟ್ಟರೆ ಏನೂ ಇಲ್ಲ, ಇದ್ದರೂ ಹೊಡೆದರೆ ಜೈಲು. ಹಾಗಂತ ಗುಡ್ಡದಮ್ಮನಿಗೆ ಕಾನೂನು ಓದಿ ಹೇಳುವವರು ಯಾರು? ಹಿರಿಯರು ಒಂದು ದಾರಿ ಮಾಡಿದ್ದರು. ವರ್ಷಕ್ಕೊಂದು ಮನೆಯವರು ಕಡವೆ ಕಟ್ಟಬೇಕು. ಗಂಡಸರೆಲ್ಲ ಉಪವಾಸ ಇದ್ದು ಊರ ಮುಂದಿನ ಹುಣಸೆ ಮರದ ಕೆಳಗೆ ಕಾಯಬೇಕು. ಬಾಣ ಬಿದ್ದು ಕಡವೆ ಉರುಳಿದ ಮೇಲೇ ಅವರು ಮನೆಯ ಹೊಸ್ತಿಲು ದಾಟಬಹುದು. ಹೊತ್ತು ಮುಳುಗುವುದರೊಳಗೆ ಕಡವೆ ಬೀಳಲಿಲ್ಲವೋ, ಅವತ್ತಿನ ಅಡಿಗೆಯೆಲ್ಲ ದನಕ್ಕೆ, ಗಂಡಸರೆಲ್ಲ ಮರದ ಕೆಳಗೆ.

ಇನ್ನೊಂದು ಕಟ್ಟಳೆ ಎಲ್ಲಕ್ಕಿಂತ ಕಠಿಣ. ಕಡವೆಗೆ ಕಣ್ಣು ಬಂದ ಗಳಿಗೆಯಿಂದ ಬಾಣ ತಾಗುವ ತನಕ, ಪಾಳಿಯ ಮನೆಯವರು ಯಾರೂ ಅದನ್ನು ಗೊಂಬೆ, ಹುಲ್ಲು, ಬಳ್ಳಿ ಅನ್ನುವಂತಿಲ್ಲ. ಕಡವೆ ಅಂದರೆ ಕಡವೆ. ಬಾಯಿ ತಪ್ಪಿದರೆ ಮುಂದಿನ ವರ್ಷವೂ ಪಾಳಿ ಅದೇ ಮನೆಗೆ. ಅದು ಗೊಂಬೆ ಎಂದು ದೇವಿಗೆ ತಿಳಿಯದು ಎಂದು ಹಟ್ಟಿಯವರು ನಂಬಿದ್ದರು. ದೇವಿಯೂ ಪಾಪ, ತಿಳಿಯದವಳ ಹಾಗೆಯೇ ಇದ್ದಳು.

ತಿಪ್ಪೇರುದ್ರನ ತಾತ ತನ್ನ ಪಾಳಿಯಲ್ಲಿ ಯಾರೋ ಬೀಡಿ ಹಚ್ಚಿದ್ದಕ್ಕೆ, "ಲೇ, ಹುಲ್ಲೈತೆ, ದೂರ ಸೇದ್ಲೇ," ಅಂದುಬಿಟ್ಟಿದ್ದ. ಅಪ್ಪ ಎಲ್ಲ ಜೋಪಾನವಾಗಿ ನಡೆಸಿ, ಬಾಣ ಹೂಡುವ ಹೊತ್ತಿಗೆ ಸಂತೋಷ ತಡೆಯಲಾರದೆ, "ಈ ಸಲ ಗೊಂಬೆ ಚೆನ್ನಾಗಿ ಬಂದೈತಲ್ವಾ?" ಎಂದು ಪೂಜಾರಿಯನ್ನೇ ಕೇಳಿದ್ದ. ಅಲ್ಲಿಂದ ಹಟ್ಟಿಯಲ್ಲಿ ಆ ಮನೆಗೆ ಬಾಯಿ ನಿಲ್ಲದವರ ಮನೆ ಎಂದೇ ಹೆಸರು. ಗ್ಯಾಸ್ ಸಿಲಿಂಡರ್ ತರುವವನೂ ಹಾಗೇ ವಿಳಾಸ ಕೇಳಿಕೊಂಡು ಬರುತ್ತಿದ್ದ. ಚಳ್ಳಕೆರೆಯಿಂದ ಸೊಸೆಯಾಗಿ ಬಂದ ನಾಗರತ್ನ ಸಾರಿಗೆ ಉಪ್ಪು ಹೆಚ್ಚಾಗಿದೆ ಅಂದರೂ ಸಾಕು, "ನಿಮ್ಮ ವಂಶಕ್ಕೇ ಬಾಯಿ ನಿಲ್ಲಲ್ಲ ಬಿಡ್ರಿ," ಅನ್ನುತ್ತಿದ್ದಳು. ಈ ಸಲ ಪಾಳಿ ಬಂದಾಗ ತಿಪ್ಪೇರುದ್ರ ಅವಳ ಮುಂದೆಯೇ ಗುಡ್ಡಕ್ಕೆ ಕೈ ಮುಗಿದು, ಆ ಹೆಸರು ಅಳಿಸದಿದ್ದರೆ ತನ್ನ ಹೆಸರು ತಿಪ್ಪೇರುದ್ರನೇ ಅಲ್ಲ ಅಂದಿದ್ದ. ಈಗ ನೋಡಿದರೆ ಹೆಸರು ಅಳಿಸಬೇಕಾದ ಕಡವೆ ಎಮ್ಮೆಯ ಹೊಟ್ಟೆಯಲ್ಲಿತ್ತು.

ಇನ್ನೊಂದು ಕಟ್ಟಲು ಹೊತ್ತಿಲ್ಲ. ತಿಪ್ಪೇರುದ್ರ ಲಗೇಜ್ ಆಟೋ ಓಡಿಸುವವನು, ಶೇಂಗಾ ಚೀಲ ಹೇರಿಕೊಂಡು ಚಳ್ಳಕೆರೆಗೆ ಹೋಗಿಬಂದು ಆ ರಸ್ತೆಯ ಹೋಟೆಲುಗಳೆಲ್ಲ ಪರಿಚಯ. ಚಳ್ಳಕೆರೆಯ ಹೊರಗೆ ಮಾರುತೇಶನ ಡಾಬಾ ಮುಂದೆ, ಜನ ಫೋಟೋ ತೆಗೆಸಿಕೊಳ್ಳಲೆಂದು ಆಳೆತ್ತರದ ಫೈಬರ್ ಕಡವೆಯೊಂದು ನಿಂತಿರುವುದು ನೆನಪಾಗಿ ಜೀವ ಬಂತು. ಫೋನ್ ಮಾಡಿದ.

"ಮಾರುತೇಶಣ್ಣ, ನಿನ್ನ ಡಾಬಾ ಮುಂದೆ ನಿಂತೈತಲ್ಲ, ಅದನ್ನ ಒಂದಿನ ಕೊಡಣ್ಣ."

"ಯಾವುದು, ಆ ಗೊಂಬೇನಾ?"

"ಕಡವೆ ಅನ್ನಣ್ಣ."

"ಏನಾದ್ರೂ ಅಂದ್ಕೋ. ತಗೊಂಡೋಗು. ಆದ್ರೆ ಒಂದು ಗೀರು ಬೀಳ್ಬಾರ್ದು. ಇನ್ನೊಂದು ಮಾತು, ಗಾಳಿಗೆ ಉರುಳ್ತೈತೆ ಅಂತ ಹೊಟ್ಟೆ ತುಂಬ ಜಲ್ಲಿ ಸುರಿದೀನಿ. ಭಾರ ಐತೆ, ಹುಷಾರು."

ಹೊರಡುವಾಗ ನಾಗರತ್ನ ಬಾಗಿಲ ತನಕ ಬಂದಳು. ಬಾಗಿಲ ಚೌಕಟ್ಟಿಗೆ ಪಾಳಿಯ ಗುರುತಿನ ಹಿತ್ತಾಳೆ ಗಂಟೆ ತೂಗುತ್ತಿತ್ತು. ಬೇಟೆ ಮುಗಿದ ಮೇಲೆ ಅದು ಮುಂದಿನ ಪಾಳಿಯವನಾದ ಪಕ್ಕದ ಮನೆ ಚಿನ್ನಯ್ಯನ ಬಾಗಿಲಿಗೆ ಹೋಗಬೇಕು.

"ದಾರೀಲಿ ಯಾರಾದ್ರೂ ಕೇಳಿದ್ರೆ ಬಾಯಿ ಬಿಟ್ಟೀರಿ ಮತ್ತೆ," ಎಂದಳು.

"ಕತ್ತು ಕುಯ್ದ್ರೂ ಬಿಡಲ್ಲ," ಎಂದು ತಿಪ್ಪೇರುದ್ರ ಆಟೋ ಹತ್ತಿದ.

ಮಧ್ಯಾಹ್ನದ ಹೊತ್ತಿಗೆ ಕಡವೆ ಆಟೋ ಏರಿತು. ಮಲಗಿಸಿ ಟಾರ್ಪಾಲು ಹೊದೆಸಿದರೂ ಹಿಂಗಾಲುಗಳು ಹೊರಗೇ ಉಳಿದವು. ತಳಕು ದಾಟುವಾಗ ಕೊಂಬು ಚುಚ್ಚಿ ಟಾರ್ಪಾಲು ಹರಿಯತೊಡಗಿದ್ದರಿಂದ ಹಗ್ಗ ಬಿಗಿಯಲು ರಸ್ತೆ ಬದಿಯ ಒಂದು ಟೀ ಅಂಗಡಿಯ ಮುಂದೆ ಆಟೋ ನಿಲ್ಲಿಸಿದ. ಅಂಗಡಿಯ ಕೊಲ್ಲಾಪುರಮ್ಮ ಟೀ ಸೋಸುತ್ತಲೇ ಕತ್ತು ಉದ್ದ ಮಾಡಿದಳು.

"ಏನಪ್ಪಾ ಅದು, ಕಾಲು ಕಾಣ್ತಾವಲ್ಲ?"

ತಿಪ್ಪೇರುದ್ರ ಹಗ್ಗದ ಗಂಟು ಬಿಗಿದ. "ಕಡವೆ ಕಣವ್ವ."

"ಕಡವೇನಾ? ಸತ್ತೈತಾ, ಜೀವ ಐತಾ?"

ಇದಕ್ಕೇನು ಹೇಳಬೇಕು ಎಂದು ಕಟ್ಟಳೆಯಲ್ಲಿ ಇರಲಿಲ್ಲ. ಅವನು ಯೋಚಿಸಿ, ಸುಳ್ಳಾಗದ ಹಾಗೆ ಹೇಳಿದ. "ಇನ್ನೂ ಹೊಡೆದಿಲ್ಲವ್ವ. ಸಂಜೆ ಹೊಡೀತೀವಿ."

ಕೊಲ್ಲಾಪುರಮ್ಮನ ಕೈಯ ಸೋಸುವ ಬಟ್ಟೆ ಹಾಗೇ ನಿಂತಿತು. ಬೆಂಚಿನ ಮೇಲೆ ಕೂತಿದ್ದವನೊಬ್ಬ ಪೇಪರ್ ಮಡಿಸಿ ಮೊಬೈಲ್ ತೆಗೆದ. ತಿಪ್ಪೇರುದ್ರ ಉಪವಾಸದವನು ಟೀಯನ್ನೂ ಕುಡಿಯದೆ ಹೊರಟದ್ದು ಅವರ ಕಣ್ಣಿಗೆ ಕಳ್ಳ ಓಡಿದ ಹಾಗೆಯೇ ಕಂಡಿತು.

ಅವನ ಆಟೋ ಭಾರಕ್ಕೆ ಏದುಸಿರು ಬಿಡುತ್ತ ಬರುತ್ತಿತ್ತು. ಸುದ್ದಿಗೆ ಭಾರವಿಲ್ಲ, ಅದು ಮುಂದೆ ಹೋಗಿಬಿಟ್ಟಿತು. ಮೊಳಕಾಲ್ಮುರಿನಲ್ಲಿ ಪೆಟ್ರೋಲ್ ಹಾಕಿಸುವಾಗ ಬಂಕಿನವನು ತಾನಾಗಿಯೇ ಮಾತು ತೆಗೆದ.

"ಗೊತ್ತಾಯ್ತೇನಣ್ಣ? ಉಳ್ಳಾರ್ತಿ ಕಾವಲಲ್ಲಿ ಕಡವೆ ಹೊಡ್ದವ್ರಂತೆ. ಎರಡು."

"ಎರಡಾ?" ತಿಪ್ಪೇರುದ್ರನಿಗೆ ತಿರುಗಿ ತನ್ನ ಗಾಡಿಯನ್ನೇ ನೋಡಿಕೊಳ್ಳುವ ಹಾಗಾಯಿತು.

"ಎರಡೋ ಮೂರೋ. ಜೀಪಲ್ಲಿ ಬಂದಿದ್ರಂತೆ, ಬಂದೂಕು ಐತಂತೆ. ಒಬ್ಬ ಮಾತ್ರ ಭಾರಿ ಖತರ್ನಾಕ್ ಅಂತೆ. ಮೀಸೆ ಹಿಂಗೈತಂತೆ." ಬಂಕಿನವನು ಕಿವಿಯ ತನಕ ಬೆರಳು ಎಳೆದು ತೋರಿಸಿದ. ತಿಪ್ಪೇರುದ್ರ ತನ್ನ ಬೋಳು ಮೇಲ್ದುಟಿಯನ್ನು ಸವರಿಕೊಂಡ. ಹೆಂಡತಿಯ ಬಲವಂತಕ್ಕೆ ಹಬ್ಬದ ದಿನ ಮೀಸೆ ಬೋಳಿಸಿಕೊಂಡದ್ದು ಒಳ್ಳೆಯದೇ ಆಯಿತು ಅನ್ನಿಸಿತು.

ಬಂಕಿನಿಂದ ಹೊರಬೀಳುವಾಗ ಕೈ ಅಡ್ಡ ಹಿಡಿದು ನಿಲ್ಲಿಸಿದವನು ನೇಕಾರ ಚಿತ್ತಯ್ಯ. ಗುಂಡಿ ಮಗ್ಗದಲ್ಲಿ ಕೂತು ಕೂತು ಮೊಣಕಾಲು ಹಿಡಿದುಹೋಗಿ, ರೇಷ್ಮೆ ಸೀರೆಯ ಗಂಟನ್ನು ಬಸ್ ನಿಲ್ದಾಣಕ್ಕೆ ಒಯ್ಯಲು ಯಾವಾಗಲೂ ತಿಪ್ಪೇರುದ್ರನ ಆಟೋವನ್ನೇ ಕರೆಯುತ್ತಿದ್ದ. ಕುಂಟುತ್ತ ಹತ್ತಿರ ಬಂದು, ಹರಿದ ಟಾರ್ಪಾಲಿನಿಂದ ಹೊರಬಂದ ಕೊಂಬಿನ ತುದಿ ನೋಡಿ, ತನ್ನ ತೆಲುಗು ಬೆರೆತ ಮಾತಿನಲ್ಲಿ ದನಿ ತಗ್ಗಿಸಿದ.

"ಏಮಯ್ಯಾ ತಿಪ್ಪೇರುದ್ರ, ನೀನೇನಾ ಅದು? ನಾನು ಯಾರಿಗೂ ಹೇಳಲ್ಲ. ಮಾಂಸ ನಮಗೆ ಬ್ಯಾಡ. ಆ ಕೊಂಬಲ್ಲಿ ಕೊಂಚಂ ಮುರಿದು ಕೊಡು. ತೇದು ಮೊಣಕಾಲಿಗೆ ಹಚ್ಚಿದ್ರೆ ನೋವು ಹೋಗ್ತದಂತೆ, ಮಾ ನಾಯನ, ನಮ್ಮಪ್ಪ, ಹೇಳ್ತಿದ್ದ."

"ಚಿತ್ತಯ್ಯಣ್ಣ, ಇದರಿಂದ ಹೋಗಲ್ಲಣ್ಣ."

"ಯಾಕೆ ಹೋಗಲ್ಲ? ಕಡವೆ ಕೊಂಬಲ್ಲೇನು?"

"ಕಡವೆ ಕೊಂಬೇ."

"ಮತ್ತೆ?"

ಮತ್ತೇನು ಹೇಳಿದರೂ ಕಟ್ಟಳೆ ಮುರಿಯುತ್ತಿತ್ತು. ಇಷ್ಟು ವರ್ಷದ ಗಿರಾಕಿ, ನೋವು ತಿನ್ನುತ್ತಿರುವ ಮನುಷ್ಯ, ತನ್ನನ್ನು ಜಿಪುಣ ಅಂದುಕೊಂಡು ಕುಂಟುತ್ತ ವಾಪಸು ಹೋಗುವುದನ್ನು ನೋಡಿ ತಿಪ್ಪೇರುದ್ರನಿಗೆ ಸಂಕಟವಾಯಿತು. ನಾಳೆ ಬಂದು ಎಲ್ಲ ಹೇಳಿ ಕೈ ಮುಗಿಯಬೇಕು ಅಂದುಕೊಂಡ. ನಾಳೆ ಏನು ಬೇಕಾದರೂ ಹೇಳಬಹುದಿತ್ತು.

ಊರು ದಾಟಿ ಸ್ವಲ್ಪ ದೂರ ಹೋದದ್ದೇ ತಡ, ರಸ್ತೆಗೆ ಅಡ್ಡಲಾಗಿ ಅರಣ್ಯ ಇಲಾಖೆಯ ಜೀಪು. ಅದರ ಸುತ್ತ ಸುದ್ದಿ ಕೇಳಿ ಬಂದ ಜನ. ಹೊಸದಾಗಿ ಕೆಲಸಕ್ಕೆ ಸೇರಿದ ರವಿತೇಜ ಎಂಬ ಗಾರ್ಡು ಇಸ್ತ್ರಿ ಕೆಡದ ಖಾಕಿಯಲ್ಲಿ ಮುಂದೆ ಬಂದ. ಮೊದಲು ತಿಪ್ಪೇರುದ್ರನ ಮೊಬೈಲ್ ಕಿತ್ತುಕೊಂಡು ಕೈಯಲ್ಲಿಟ್ಟುಕೊಂಡ.

"ಏನದು ಗಾಡೀಲಿ?"

"ಕಡವೆ ಸಾ."

ಗಾರ್ಡಿಗೆ ದಿಗಿಲಾಯಿತು. ಸುಳ್ಳು ಹೇಳಿದರೆ ಏನು ಮಾಡಬೇಕೆಂದು ಅವನಿಗೆ ತರಬೇತಿ ಆಗಿತ್ತು, ಮೊದಲ ಮಾತಿಗೇ ಒಪ್ಪಿಕೊಂಡರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಟಾರ್ಪಾಲು ಎತ್ತಿ ನೋಡಿದ. ಬೆರಳು ಮಡಿಸಿ ಬಡಿದ. ಟೊಣ್ ಟೊಣ್ ಅಂತು. ಅವನ ಮುಖ ಅರಳಿತು.

"ಥೂ, ಇದು ಫೈಬರ್ ಗೊಂಬೆ ಕಣಯ್ಯ."

"ನೀವು ಅನ್ಬೋದು ಸಾ."

"ನೀನೇನಂತೀಯ?"

"ಕಡವೆ ಸಾ."

ರವಿತೇಜನ ನಗು ನಿಂತಿತು. ಗೊಂಬೆಯನ್ನು ಗೊಂಬೆ ಅನ್ನಲು ಹೆದರುವವನನ್ನು ಅವನು ಕಂಡಿರಲಿಲ್ಲ. ಅನುಮಾನ ಬಂದು ಕಡವೆಯ ಹೊಟ್ಟೆ ಹಿಡಿದು ಅಲ್ಲಾಡಿಸಿದ. ಒಳಗೆ ಗಲಗಲ ಸದ್ದಾಯಿತು.

"ಒಳಗೇನೈತೆ?"

"ಕಡವೆ ಹೊಟ್ಟೇಲಿ ಏನಿರ್ತೈತೋ ಅದೇ ಸಾ."

"ನಾನು ಮೊದ್ಲೇ ಅಂದೆ," ಅಂತು ಗುಂಪಿನಿಂದ ಒಂದು ದನಿ, "ಗೊಂಬೆ ಒಳಗೆ ಮಾಂಸ ತುಂಬ್ಕೊಂಡು ಹೊರಟಾವ್ನೆ." ಇನ್ನೊಬ್ಬ ಮೂಗು ಮುಚ್ಚಿಕೊಂಡು ವಾಸನೆ ಬರ್ತಿದೆ ಅಂದ. ಅದು ಡಾಬಾದ ಒಗ್ಗರಣೆ ವಾಸನೆ. ಜೀಪಿನ ಡ್ರೈವರ್ ಗರಗಸ ಹಿಡಿದು ಬಂದ.

ತಿಪ್ಪೇರುದ್ರ ಕಡವೆಯ ಕತ್ತು ತಬ್ಬಿಕೊಂಡ. ಹೊಟ್ಟೆ ಕೊಯ್ದರೆ ಮಾರುತೇಶ ತನ್ನ ಹೊಟ್ಟೆ ಕೊಯ್ಯುತ್ತಾನೆ, ಕೊಯ್ದ ಕಡವೆಗೆ ಬಾಣ ಬಿಡುವ ಹಾಗೂ ಇಲ್ಲ. "ಬ್ಯಾಡ ಸಾ, ದಮ್ಮಯ್ಯ ಸಾ," ಅಂದ.

ರವಿತೇಜ ಮನಸ್ಸಿನಲ್ಲಿ ಒಳ್ಳೆಯವನೇ. ಗರಗಸವನ್ನು ಕೈಸನ್ನೆಯಲ್ಲಿ ತಡೆದ. "ನೋಡಯ್ಯ, ನನಗೂ ಬೇರೆ ಕೆಲಸ ಐತೆ. ಒಂದೇ ಒಂದು ಮಾತು ಹೇಳು. ಇದು ಗೊಂಬೆ ಅನ್ನು. ಬಿಟ್ಬಿಡ್ತೀನಿ."

ಪಶ್ಚಿಮಕ್ಕೆ ಹೊತ್ತು ಜಾರುತ್ತಿತ್ತು. ಎರಡಕ್ಷರ. ಅಂದರೆ ಮನೆಗೆ, ಅನ್ನದಿದ್ದರೆ ಜೈಲಿಗೆ. ತಿಪ್ಪೇರುದ್ರನ ನಾಲಿಗೆಯ ತುದಿಗೆ ಆ ಮಾತು ಬಂದೇಬಿಟ್ಟಿತ್ತು. ಅಷ್ಟರಲ್ಲಿ ಬೀಡಿ ದೂರ ಸೇದು ಅಂದ ತಾತ ನೆನಪಾದ, ಚೆನ್ನಾಗಿ ಬಂದೈತಲ್ವಾ ಅಂದ ಅಪ್ಪ ನೆನಪಾದ, ನಿಮ್ಮ ವಂಶಕ್ಕೇ ಅನ್ನುವ ನಾಗರತ್ನಳ ಮೂತಿ ನೆನಪಾಯಿತು. ಮಾತನ್ನು ಉಗುಳಿನ ಜೊತೆ ನುಂಗಿದ.

"ಹೊತ್ತು ಮುಳುಗಿದ ಮೇಲೆ ಹೇಳ್ತೀನಿ ಸಾ."

"ಅಲ್ಲೀತನಕ?"

"ಕಡವೆ ಸಾ."

"ಹಂಗಾದ್ರೆ ಜೀಪು ಹತ್ತು," ಎಂದ ರವಿತೇಜ ಬೇಸತ್ತು. ತಿಪ್ಪೇರುದ್ರ ಕಣ್ಣೊರೆಸಿಕೊಂಡು ಜೀಪಿನ ಮೆಟ್ಟಿಲಿಗೆ ಕಾಲಿಟ್ಟ.

ಅಷ್ಟರಲ್ಲಿ ಗಾರ್ಡಿನ ಕೈಯಲ್ಲಿದ್ದ ತಿಪ್ಪೇರುದ್ರನ ಮೊಬೈಲ್ ಬಡಿದುಕೊಂಡಿತು. ರವಿತೇಜ ಅದನ್ನು ಕಿವಿಗಿಟ್ಟು ದೂರ ಹೋದ. ಒಮ್ಮೆ ಕಿವಿಯಿಂದ ಮೊಬೈಲನ್ನು ಮೊಳದುದ್ದ ದೂರ ಹಿಡಿದ. ಮತ್ತೆ ಹತ್ತಿರ ತಂದ. "ಆಯ್ತು ಆಯ್ತು, ಹೇಳಲ್ಲ ಬಿಡಿ," ಅಂದದ್ದು ಗಾಳಿಯಲ್ಲಿ ತೇಲಿ ಬಂತು. ಹಿಂತಿರುಗಿ ಬಂದಾಗ ಅವನ ಮುಖ ಬೇರೆಯಾಗಿತ್ತು. ತಿಪ್ಪೇರುದ್ರನನ್ನು ಮೇಲಿಂದ ಕೆಳಗೆ ನೋಡಿ ಮೊಬೈಲ್ ವಾಪಸು ಕೊಟ್ಟ.

"ಯಾರು ಸಾ?"

"ಕಂಪನಿಯೋರು. ರೀಚಾರ್ಜ್ ಮಾಡು ಅಂತಿದ್ರು." ರವಿತೇಜ ತುಟಿ ಬಿಗಿ ಹಿಡಿದಿದ್ದ. "ಹೊರಡಯ್ಯ. ನಿನ್ನ ಕಡವೆ ತಗೊಂಡು ಬೇಗ ಹೊರಡು, ಹೊತ್ತು ಮುಳುಗ್ತೈತೆ."

"ಸಾ, ನೀವೂ ಕಡವೆ ಅಂದ್ರಿ."

"ಅಂದೆ ಕಣಯ್ಯ. ಹೋಗು."

ತಿಪ್ಪೇರುದ್ರನಿಗೆ ಹೋದ ಜೀವ ಬಂತು. ಇದು ಗುಡ್ಡದಮ್ಮನ ಮಹಿಮೆಯಲ್ಲದೆ ಬೇರೇನಲ್ಲ. ತಾನು ಬಾಯಿ ಕಟ್ಟಿ ನಿಂತದ್ದನ್ನು ನೋಡಿ ಗಾರ್ಡಿನ ಬಾಯಲ್ಲೇ ಕಡವೆ ಅನ್ನಿಸಿದ್ದಾಳೆ. ಜಟಿಂಗ ರಾಮೇಶ್ವರನ ಗುಡ್ಡದ ಹಿಂದೆ ಕೆಂಪಾಗುತ್ತಿದ್ದ ಸೂರ್ಯನಿಗೆ ಒಂದು ಕೈ ಮುಗಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಆಟೋ ಓಡಿಸಿದ.

ಹುಣಸೆ ಮರದ ಕೆಳಗೆ ಹಟ್ಟಿಯ ಗಂಡಸರು ಹಸಿವಿನಿಂದ ಒಬ್ಬರಿಗೊಬ್ಬರು ಒರಗಿ ಕೂತಿದ್ದರು. ಆಟೋ ಕಂಡದ್ದೇ ಎದ್ದು ನಿಂತರು. ಫೈಬರ್ ಕಡವೆಯನ್ನು ಇಳಿಸಿ ನಿಲ್ಲಿಸಿದಾಗ, ಇಷ್ಟು ಚೆಂದದ ಕಡವೆಯನ್ನು ತಮ್ಮ ಜನ್ಮದಲ್ಲಿ ಕಂಡಿಲ್ಲವೆಂದು ಮುದುಕರು ತಲೆದೂಗಿದರು. ಪೂಜಾರಿ ಯರ್ರಪ್ಪ ಬಾಣ ಬಿಟ್ಟ. ಅದು ಟೊಣ್ ಎಂದು ತಾಗಿ ವಾಪಸು ಬಂದು ಅವನ ಕಾಲ ಬುಡದಲ್ಲೇ ಬಿತ್ತು. ಎರಡನೆಯದೂ ಹಾಗೇ. ಸೂರ್ಯನ ಅಂಚು ಮಾತ್ರ ಉಳಿದಿದ್ದಾಗ ಬಿಟ್ಟ ಮೂರನೆಯ ಬಾಣ ಕೊಂಬಿಗೆ ತಾಗಿ ಕೊಂಬು ಲಟಕ್ಕೆಂದು ಮುರಿಯಿತು. ತಿಪ್ಪೇರುದ್ರ ಹೆಗಲು ಕೊಟ್ಟು ನೂಕಿದ. ಕಡವೆ ಹೊಟ್ಟೆಯ ಜಲ್ಲಿ ಗಲಗಲ ಅನ್ನಿಸಿಕೊಂಡು ಉರುಳಿಬಿತ್ತು.

"ಬಿತ್ತು," ಎಂದ ಯರ್ರಪ್ಪ. ಗಂಡಸರು ಕಡವೆಯನ್ನು ಹೊತ್ತು ತಂದು ತಿಪ್ಪೇರುದ್ರನ ಅಂಗಳದಲ್ಲಿಟ್ಟವರೇ, ಒಬ್ಬರ ಮುಖ ಒಬ್ಬರು ನೋಡದೆ ಮನೆಮನೆಗೆ ಓಡಿದರು. ಪಕ್ಕದ ಮನೆ ಚಿನ್ನಯ್ಯನೊಬ್ಬ ಮಾತ್ರ, ಹಸಿವೇ ಇಲ್ಲದವನ ಹಾಗೆ, ಜಗಲಿಯ ಮೇಲೆ ನಗುತ್ತ ಕೂತ.

ನಾಗರತ್ನ ಚೊಂಬಿನಲ್ಲಿ ನೀರು ತಂದು ಗಂಡನ ಕಾಲಿಗೆ ಹಾಕಿದಳು, ಆರತಿ ಎತ್ತಿದಳು. ಮುಖ ಮಾತ್ರ ಎತ್ತಲಿಲ್ಲ. ತಿಪ್ಪೇರುದ್ರ ಎದೆ ಸೆಟೆಸಿ ನಿಂತ.

"ಕೇಳೇ ನಾಗರತ್ನ, ಗಾರ್ಡು ಬಾಯಿಬಿಡು ಬಾಯಿಬಿಡು ಅಂತ ಜೀವ ತಿಂದ. ಗರಗಸ ತಂದ್ರು, ಜೀಪು ಹತ್ಸಿದ್ರು. ಬಿಟ್ನಾ ನಾನು? ಇನ್ನು ಮೇಲೆ ನಮ್ಮ ಮನೇನ ಯಾರಾದ್ರೂ ಆ ಹೆಸ್ರಲ್ಲಿ ಕರೀಲಿ ನೋಡ್ತೀನಿ."

ನಾಗರತ್ನ ಆರತಿ ತಟ್ಟೆಯನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಹಟ್ಟಿಯ ಕಟ್ಟಳೆಗೆಲ್ಲ ಯಜಮಾನಿಯಾದ ಮುದ್ದಕ್ಕ ಕೋಲೂರಿಕೊಂಡು ಬಂದಳು. ಚೌಕಟ್ಟಿನ ಹಿತ್ತಾಳೆ ಗಂಟೆಯನ್ನು ಬಿಚ್ಚಿದಳು. ಹಳೇ ದಾರ ತೆಗೆದು ಹೊಸ ದಾರ ಪೋಣಿಸಿದಳು. ತಿಪ್ಪೇರುದ್ರ ಪಕ್ಕಕ್ಕೆ ಸರಿದು ಚಿನ್ನಯ್ಯನ ಬಾಗಿಲಿನ ಕಡೆ ದಾರಿ ಮಾಡಿಕೊಟ್ಟ. ಮುದ್ದಕ್ಕ ಗಂಟೆಯನ್ನು ಅದೇ ಚೌಕಟ್ಟಿಗೆ, ಮೊದಲಿಗಿಂತ ಬಿಗಿಯಾಗಿ ಕಟ್ಟಿದಳು.

"ಅಜ್ಜಿ, ಪಾಳಿ ಚಿನ್ನಯ್ಯಂದು."

"ಇಲ್ಲ ಕಣಪ್ಪಾ, ನಿಂದೇ."

"ಗುಡ್ಡದಮ್ಮನ ಆಣೆ ಅಜ್ಜಿ, ನಾನು ಬಾಯಿ ಬಿಟ್ಟಿಲ್ಲ."

"ನೀನು ಬಿಟ್ಟಿಲ್ಲ ಮಗ," ಎಂದಳು ಮುದ್ದಕ್ಕ. "ಹೊತ್ತು ಇಳಿಯೋವಾಗ ಮರದ ಕೆಳಗೆ ಈ ಚಿನ್ನಯ್ಯ ಮೊಬೈಲಲ್ಲಿ ನಿನ್ನ ಗಾಡಿ ಫೋಟೋ ತೋರ್ಸಿದ. ಕಡವೆ ಹೊಡ್ದವನ್ನ ಹಿಡಿದವ್ರೆ, ಏಳು ವರ್ಷ ಜೈಲು ಅಂತ ಅದರಾಗೆ ಬರೆದಿತ್ತಂತೆ. ನಿನ್ನ ಹೆಂಡ್ತಿ ಓಡ್ಬಂದು ನಿನಗೆ ಫೋನ್ ಹಚ್ಚಿದ್ಲು. ಅತ್ಲಾಗಿಂದ ಗಾರ್ಡು ಎತ್ತಿದ. ಚಿನ್ನಯ್ಯ ಸರಿಯಾಗಿ ಕೇಳ್ಸಲ್ಲ ಅಂತ ಸ್ಪೀಕರ್ ಹಾಕ್ಕೊಟ್ಟ. ಆಮೇಲೆ ಕೇಳ್ಬೇಕಾ. ಗೊಂಬೆ ಸಾ, ಡಾಬಾದ ಗೊಂಬೆ, ಹೊಟ್ಟೇಲಿ ಜಲ್ಲಿಕಲ್ಲು, ನಮ್ಮ ಯಜಮಾನ್ರು ಇರುವೇನೂ ತುಳಿಯೋರಲ್ಲ, ಗೊಂಬೆ, ಗೊಂಬೆ, ಗೊಂಬೆ ಅಂತ ಹಟ್ಟಿಗೆಲ್ಲ ಕೇಳೋ ಹಂಗೆ ಒದರಿದ್ಲು. ಗುಡ್ಡದ ಮೇಲೆ ಅಮ್ಮನಿಗೂ ಕೇಳ್ತು."

ತಿಪ್ಪೇರುದ್ರ ಹೆಂಡತಿಯ ಕಡೆ ತಿರುಗಿದ. ಕಂಪನಿಯ ಫೋನು ಯಾವುದೆಂದು ಈಗ ಅವನಿಗೆ ತಿಳಿಯಿತು.

"ನಾನು ಹೇಳಿದ್ದು ನಿಮಗೆ ಹೇಳ್ಬೇಡಿ ಅಂತ ಆ ಗಾರ್ಡಿಗೆ ಕೈ ಮುಗಿದಿದ್ದೆ," ಎಂದಳು ನಾಗರತ್ನ. ಅವಳ ಕಣ್ಣು ತುಂಬಿತ್ತು. "ಜೈಲಿಗೆ ಹಾಕ್ತಾರೆ ಅಂದ್ರು. ಇನ್ನೇನು ಮಾಡ್ಲಿ? ನಿಮ್ಮ ವಂಶದ ಬಾಯಿ ನಿಂತ್ರೆ ನನ್ನ ಗತಿಯೇನು?"

ಬೈಯಬೇಕೆಂದು ತೆರೆದ ಬಾಯಿಯಿಂದ ತಿಪ್ಪೇರುದ್ರನಿಗೆ ನಗು ಬಂತು. ಏನೇ ಆಗಲಿ, ಈ ಹೊತ್ತಿಗೆ ಜೀಪಿನಲ್ಲಿ ಇರಬೇಕಾದವನು ತನ್ನ ಹೊಸ್ತಿಲ ಮೇಲೆ ನಿಂತಿದ್ದ, ಒಳಗಿಂದ ಸಾರಿನ ವಾಸನೆ ಬರುತ್ತಿತ್ತು. "ನಡಿ, ಊಟಕ್ಕೆ ಹಾಕು," ಎಂದ.

ಮೊದಲ ತುತ್ತಿಗೇ ಮಾರುತೇಶನ ಫೋನು ಬಂತು. ಕೊಂಬು ಮುರಿದ ಸುದ್ದಿ ಅವನಿಗೂ ಮುಟ್ಟಿತ್ತು. "ಒಂಟಿ ಕೊಂಬಿನದು ನನಗೆ ಬ್ಯಾಡ, ಯಾರು ಫೋಟೋ ತೆಗೆಸ್ಕೊಳ್ತಾರೆ? ಅದನ್ನ ನೀನೇ ಇಟ್ಕೊ. ನನಗೆ ಹೊಸದು ತಂದ್ಕೊಡು," ಎಂದು ಫೋನ್ ಇಟ್ಟ.

ಊಟ ಮುಗಿಸಿ ಗಂಡ ಹೆಂಡತಿ ಸೇರಿ ಕಡವೆಯನ್ನು ಕೊಟ್ಟಿಗೆಗೆ ಎಳೆದು ತಂದರು. ಎಮ್ಮೆ ಎದ್ದು ಬಂದು ಅದರ ಬೆನ್ನು ಮೂಸಿತು, ಒಮ್ಮೆ ನೆಕ್ಕಿತು. ಇಬ್ಬರೂ ಉಸಿರು ಹಿಡಿದು ನೋಡಿದರು. ಎಮ್ಮೆ ಮುಖ ತಿರುಗಿಸಿಕೊಂಡು ತನ್ನ ಜಾಗಕ್ಕೆ ಹೋಗಿ ಮಲಗಿತು.

"ಸದ್ಯ," ಎಂದಳು ನಾಗರತ್ನ. "ಮುಂದಿನ ವರ್ಷದ್ದು ತಯಾರೈತೆ."